ದ್ರವ ಕ್ರೊಮ್ಯಾಟೊಗ್ರಫಿಯಲ್ಲಿ ಮಾದರಿ ಇಂಜೆಕ್ಷನ್: ರಾಯಚೂರು ಸೀಮೆಯ ಬೆಳೆ, ನೀರು ಮತ್ತು ಔಷಧ ಪರೀಕ್ಷೆ

ದ್ರವ ಕ್ರೊಮ್ಯಾಟೊಗ್ರಫಿ ಎಂದರೆ ಹಲವು ವಸ್ತುಗಳು ಬೆರೆತಿರುವ ದ್ರಾವಣವನ್ನು ನುಣ್ಣನೆಯ ಕಣಗಳು ತುಂಬಿದ ಕೊಳವೆಯ ಮೂಲಕ ಹಾಯಿಸಿ, ಒಂದೊಂದು ವಸ್ತುವೂ ಬೇರೆ ಬೇರೆ ಹೊತ್ತಿಗೆ ಹೊರಬರುವಂತೆ ಮಾಡಿ ಅಳೆಯುವ ವಿಧಾನ. ಆ ಕೊಳವೆಗೆ ಕಾಲಮ್ ಎಂದೂ ಅದರೊಳಗೆ ಎಡೆಬಿಡದೆ ಹರಿಯುವ ದ್ರಾವಕಕ್ಕೆ ಮೊಬೈಲ್ ಫೇಸ್ ಎಂದೂ ಹೆಸರು. ಕಾಲಮ್‌ನಿಂದ ಹೊರಬಂದ ವಸ್ತುವನ್ನು ಡಿಟೆಕ್ಟರ್ ಗುರುತಿಸಿ ಗೆರೆಯಲ್ಲಿ ಪೀಕ್ ಆಗಿ ಮೂಡಿಸುತ್ತದೆ. ಪೀಕ್ ಕಾಣಿಸಿಕೊಂಡ ಹೊತ್ತು ವಸ್ತು ಯಾವುದೆಂದು ಸೂಚಿಸಿದರೆ, ಅದರ ವಿಸ್ತೀರ್ಣ ವಸ್ತು ಎಷ್ಟಿದೆ ಎಂದು ಹೇಳುತ್ತದೆ. ಪರೀಕ್ಷಿಸಬೇಕಾದ ಮಾದರಿಯ ಕೆಲವೇ ಮೈಕ್ರೊಲೀಟರನ್ನು ಈ ಹರಿವಿಗೆ ಸೇರಿಸುವ ಹೆಜ್ಜೆಯೇ ಇಂಜೆಕ್ಷನ್.

ಹೊಸ ಪರೀಕ್ಷಾ ವಿಧಾನ ರೂಪಿಸುವಾಗ ಕಾಲಮ್, ಮೊಬೈಲ್ ಫೇಸ್, ಡಿಟೆಕ್ಟರ್‌ಗಳ ಆಯ್ಕೆಗೆ ವಾರಗಟ್ಟಲೆ ಸಮಯ ಕೊಡುವವರು ಇಂಜೆಕ್ಷನ್ ಪ್ರಮಾಣವನ್ನು ಹಳೆಯ ವಿಧಾನದಿಂದ ಎತ್ತಿಕೊಂಡು 10 ಅಥವಾ 20 ಮೈಕ್ರೊಲೀಟರ್ ಎಂದು ಬರೆದುಬಿಡುವುದುಂಟು. ಆದರೆ ಮಾದರಿ ಯಾವ ದ್ರಾವಕದಲ್ಲಿದೆ, ಎಷ್ಟು ಪ್ರಮಾಣದಲ್ಲಿ ಒಳಹೋಗುತ್ತದೆ, ಯಾವ ಬಗೆಯಲ್ಲಿ ಒಳಹೋಗುತ್ತದೆ ಎಂಬ ಮೂರು ಸಂಗತಿಗಳು ಪೀಕ್‌ನ ಆಕಾರವನ್ನೂ ಅಳತೆಯ ನಿಖರತೆಯನ್ನೂ ನೇರವಾಗಿ ನಿರ್ಧರಿಸುತ್ತವೆ. ಬೆಳೆ, ಕುಡಿಯುವ ನೀರು, ಔಷಧ ಮೂರಕ್ಕೂ ಪರೀಕ್ಷೆ ಬೇಕಾದ ರಾಯಚೂರು ಸೀಮೆಯಲ್ಲಿ ಇಂಜೆಕ್ಷನ್ನಿನ ಬಹುತೇಕ ಎಲ್ಲ ಸಮಸ್ಯೆಗಳೂ ಒಂದೇ ಜಿಲ್ಲೆಯೊಳಗೆ ಎದುರಾಗುತ್ತವೆ.

ಹಿನ್ನೆಲೆ

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಈ ವಿಧಾನದ ಮೊದಲ ವಿವರಣೆ ಕೊಟ್ಟರು. ಎಲೆಯ ಬಣ್ಣಗಳನ್ನು ಸುಣ್ಣದ ಪುಡಿಯಂಥ ವಸ್ತು ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಬೇರೆ ಬೇರೆ ಪಟ್ಟಿಗಳಾಗಿ ಒಡೆದು ತೋರಿಸಿದ ಅವರ ವಿವರವಾದ ಲೇಖನಗಳು 1906ರಲ್ಲಿ ಪ್ರಕಟವಾದವು. ಆಗ ಮಾದರಿಯನ್ನು ಕೊಳವೆಯ ಮೇಲ್ಭಾಗಕ್ಕೆ ಕೈಯಿಂದ ಸುರಿಯುತ್ತಿದ್ದರು. 1941ರಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ವಿಭಜನಾ ಕ್ರೊಮ್ಯಾಟೊಗ್ರಫಿಯನ್ನು ರೂಪಿಸಿದರು. ಆ ಕೆಲಸಕ್ಕೆ ಇಬ್ಬರಿಗೂ 1952ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. 1960ರ ದಶಕದ ಕೊನೆಯಲ್ಲಿ ಒತ್ತಡದ ಪಂಪುಗಳು ಬಂದು ಎಚ್‌ಪಿಎಲ್‌ಸಿ ಎಂಬ ಅಧಿಕ ಒತ್ತಡದ ದ್ರವ ಕ್ರೊಮ್ಯಾಟೊಗ್ರಫಿ ರೂಪುಗೊಂಡಾಗ, ನೂರಾರು ಬಾರ್ ಒತ್ತಡದಲ್ಲಿ ಹರಿಯುವ ದ್ರಾವಕದೊಳಕ್ಕೆ ಹರಿವು ನಿಲ್ಲಿಸದೆ ಮಾದರಿ ಸೇರಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಸಿರಿಂಜಿನಿಂದ ರಬ್ಬರ್ ಬಿರಡೆ ಚುಚ್ಚಿ ಬಿಡುವ ಪದ್ಧತಿ ಆ ಒತ್ತಡಕ್ಕೆ ತಾಳಲಿಲ್ಲ. ಆರು ಬಾಯಿಗಳ ವಾಲ್ವ್ ಆ ತೊಡಕನ್ನು ಬಿಡಿಸಿತು. 1975ರಲ್ಲಿ ಡೌ ಕೆಮಿಕಲ್ ಸಂಸ್ಥೆಯ ಹ್ಯಾಮಿಷ್ ಸ್ಮಾಲ್ ಮತ್ತು ಸಂಗಡಿಗರು ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಅಯಾನ್ ಕ್ರೊಮ್ಯಾಟೊಗ್ರಫಿಯನ್ನು ಪ್ರಕಟಿಸಿದರು. 2004ರಲ್ಲಿ ವಾಟರ್ಸ್ ಕಂಪನಿ 1.7 ಮೈಕ್ರೊಮೀಟರ್ ಕಣಗಳ ಕಾಲಮ್ ಬಳಸುವ ಯುಪಿಎಲ್‌ಸಿಯನ್ನು ಮಾರುಕಟ್ಟೆಗೆ ತಂದಿತು. ಕಾಲಮ್ ಸಣ್ಣದಾದಂತೆಲ್ಲ ಇಂಜೆಕ್ಷನ್ನಿನ ತಪ್ಪು ದೊಡ್ಡದಾಗಿ ಕಾಣತೊಡಗಿತು.

ರಾಯಚೂರು ಸೀಮೆಯಲ್ಲಿ ಬಳಕೆ

ರಾಯಚೂರು ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶ. ಮಾನ್ವಿ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಮುಖ್ಯ ಬೆಳೆಯಾಗಿದೆ. ದೇವದುರ್ಗ ಸೀಮೆಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದ ಕೃಷ್ಣೆಯ ನೀರು ಬರುತ್ತದೆ. ಜಿಲ್ಲೆಯ ಕಪ್ಪು ನೆಲದಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯುತ್ತಾರೆ. ರಾಯಚೂರು ನಗರದ ಮಾರುಕಟ್ಟೆ ಹತ್ತಿ ವಹಿವಾಟಿಗೆ ಹೆಸರಾದದ್ದು. ಕಾಲುವೆ ತಲುಪದ ಹಳ್ಳಿಗಳು ಕೊಳವೆಬಾವಿಯನ್ನೇ ನಂಬಿವೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಬಹುಕಾಲದ ತೊಂದರೆ.

ಧಾರವಾಡದ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2008ರಲ್ಲಿ ಅಸ್ತಿತ್ವಕ್ಕೆ ಬಂದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಮತ್ತು ಆಹಾರ ಗುಣಮಟ್ಟ ವಿಶ್ಲೇಷಣಾ ಪ್ರಯೋಗಾಲಯವಿದೆ. ಕಾಳು, ತರಕಾರಿ, ಮೆಣಸಿನಕಾಯಿಗಳಲ್ಲಿ ಉಳಿದ ಕೀಟನಾಶಕವನ್ನು ಅಳೆಯುವುದು ಅದರ ಕೆಲಸ. ಔಷಧ ಕ್ಷೇತ್ರದಲ್ಲಿ ಶಿಲ್ಪಾ ಮೆಡಿಕೇರ್ ಕಂಪನಿ 1987ರಿಂದ ರಾಯಚೂರಿನಲ್ಲಿದೆ. ರಾಯಚೂರಿನ ಕೈಗಾರಿಕಾ ಪ್ರದೇಶ ಮತ್ತು ದೇವಸೂಗೂರಿನ ಘಟಕಗಳಲ್ಲಿ ಔಷಧದ ಮೂಲವಸ್ತುಗಳನ್ನು ತಯಾರಿಸುವ ಈ ಕಂಪನಿ ಕ್ಯಾನ್ಸರ್ ಔಷಧಗಳಿಗೆ ಹೆಸರಾಗಿದೆ. ವಿ.ಎಲ್. ಫಾರ್ಮಸಿ ಕಾಲೇಜು, ಎನ್.ಇ.ಟಿ. ಫಾರ್ಮಸಿ ಕಾಲೇಜುಗಳಲ್ಲಿ ಔಷಧ ವಿಜ್ಞಾನ ಕಲಿಯುವ ವಿದ್ಯಾರ್ಥಿಗಳಿಗೆ ಎಚ್‌ಪಿಎಲ್‌ಸಿ ಪಠ್ಯದ ಭಾಗ. ಹೀಗೆ ಎಣ್ಣೆ, ಬಣ್ಣ ತುಂಬಿದ ಬೆಳೆಯ ಸಾರ, ಲವಣ ತುಂಬಿದ ಕೊಳವೆಬಾವಿ ನೀರು, ಬಹುಪಾಲು ಒಂದೇ ವಸ್ತುವಿದ್ದು ಲೇಶಮಾತ್ರ ಕಲ್ಮಶ ಬೆರೆತ ಔಷಧ ಎಂಬ ಮೂರು ಬಗೆಯ ಮಾದರಿಗಳು ಇಲ್ಲಿ ಸಿಗುತ್ತವೆ. ಮೂರಕ್ಕೂ ಇಂಜೆಕ್ಷನ್ನಿನ ಲೆಕ್ಕ ಬೇರೆ.

ಇಂಜೆಕ್ಟರ್ ಕೆಲಸ ಮಾಡುವ ಬಗೆ

ಆರು ಬಾಯಿಗಳ ವಾಲ್ವ್‌ಗೆ ಎರಡು ಸ್ಥಿತಿಗಳಿವೆ. ಲೋಡ್ ಸ್ಥಿತಿಯಲ್ಲಿ ಪಂಪಿನ ದ್ರಾವಕ ನೇರವಾಗಿ ಕಾಲಮ್‌ಗೆ ಹೋಗುತ್ತಿರುತ್ತದೆ. ಪಕ್ಕದಲ್ಲಿ ಲೂಪ್ ಎಂಬ ಸಣ್ಣ ಕೊಳವೆ ಸುರುಳಿಗೆ ಮಾದರಿ ತುಂಬಿಕೊಳ್ಳುತ್ತದೆ. ವಾಲ್ವ್ ತಿರುಗಿಸಿ ಇಂಜೆಕ್ಟ್ ಸ್ಥಿತಿಗೆ ತಂದೊಡನೆ ಪಂಪಿನ ಹರಿವು ಲೂಪಿನೊಳಗಿಂದ ಹಾಯ್ದು ಮಾದರಿಯನ್ನು ಕಾಲಮ್‌ಗೆ ತಳ್ಳುತ್ತದೆ. ಹರಿವು ನಿಲ್ಲುವುದಿಲ್ಲ, ಒತ್ತಡ ಬೀಳುವುದಿಲ್ಲ.

ಲೂಪನ್ನು ಪೂರ್ತಿ ತುಂಬಿ ಬಿಟ್ಟರೆ ಪ್ರಮಾಣವನ್ನು ಲೂಪಿನ ಗಾತ್ರವೇ ನಿರ್ಧರಿಸುತ್ತದೆ, ಪುನರಾವರ್ತನೆ ಚೆನ್ನಾಗಿರುತ್ತದೆ. ಆದರೆ ಕೊಳವೆಯ ನಡುವಿನ ದ್ರವ ಅಂಚಿನ ದ್ರವಕ್ಕಿಂತ ಬೇಗ ಸಾಗುವುದರಿಂದ, ಲೂಪಿನ ಗಾತ್ರದಷ್ಟೇ ಮಾದರಿ ಹಾಕಿದರೆ ಒಂದಿಷ್ಟು ಆಚೆ ಹೋಗಿ ಹಳೆಯ ದ್ರಾವಕ ಒಳಗೇ ಉಳಿಯುತ್ತದೆ. ಆದ್ದರಿಂದ ಲೂಪಿನ ಗಾತ್ರದ ಹಲವು ಪಟ್ಟು ಮಾದರಿ ಹಾಯಿಸಬೇಕು. ಅದೇ ಕಾರಣಕ್ಕೆ ಲೂಪನ್ನು ಭಾಗಶಃ ತುಂಬುವಾಗ ಅದರ ಅರ್ಧವನ್ನು ಮೀರಬಾರದು. ಮಾದರಿಯನ್ನು ತಾವೇ ಎಳೆದು ಬಿಡುವ ಇಂದಿನ ಆಟೋಸ್ಯಾಂಪ್ಲರ್‌ಗಳಲ್ಲಿ ಮಾದರಿ ಎಳೆದುಕೊಂಡ ಸೂಜಿಯೇ ಹರಿವಿನ ದಾರಿಯ ಭಾಗವಾಗುವ ಏರ್ಪಾಡು ಸಾಮಾನ್ಯ. ಮಾದರಿ ಪೋಲಾಗುವುದಿಲ್ಲ, ಸೂಜಿಯ ಒಳಮೈಯನ್ನು ಮೊಬೈಲ್ ಫೇಸ್ ತೊಳೆಯುತ್ತಲೇ ಇರುತ್ತದೆ. ಸೂಜಿ ಮತ್ತು ಲೂಪಿನ ಗಾತ್ರ ಮಾತ್ರ ಹರಿವಿನ ದಾರಿಗೆ ಸೇರಿಕೊಳ್ಳುವುದರಿಂದ ಗ್ರೇಡಿಯಂಟ್, ಅಂದರೆ ಹೊತ್ತು ಕಳೆದಂತೆ ಬಲಗೊಳಿಸುವ ದ್ರಾವಕದ ಮಿಶ್ರಣ, ಕಾಲಮ್ ತಲುಪುವುದು ತುಸು ತಡವಾಗುತ್ತದೆ. ಒಂದು ಯಂತ್ರದಲ್ಲಿ ರೂಪಿಸಿದ ವಿಧಾನ ಇನ್ನೊಂದರಲ್ಲಿ ಬೇರೆ ಹೊತ್ತಿಗೆ ಪೀಕ್ ಕೊಡಲು ಇದೂ ಒಂದು ಕಾರಣ.

ಎಷ್ಟು ಬಿಡಬೇಕು

ಇಂಜೆಕ್ಷನ್ ಪ್ರಮಾಣವನ್ನು ಕಾಲಮ್‌ನ ಗಾತ್ರ ಹೇಳುತ್ತದೆ. 4.6 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಕಾಲಮ್‌ನ ಒಟ್ಟು ಒಳಗಾತ್ರ ಸುಮಾರು 2.5 ಮಿಲಿಲೀಟರ್. ಕಣಗಳು ಆಕ್ರಮಿಸಿದ ಜಾಗ ಕಳೆದರೆ ದ್ರವಕ್ಕೆ ಉಳಿಯುವುದು ಸುಮಾರು 1.6 ಮಿಲಿಲೀಟರ್. ಮೊದಲ ಅಂದಾಜಿಗೆ ಇದರ ಶೇ. 1ರ ಆಸುಪಾಸು, ಅಂದರೆ 15ರಿಂದ 20 ಮೈಕ್ರೊಲೀಟರ್ ಸರಿ. 2.1 ಮಿ.ಮೀ. ಅಗಲ, 100 ಮಿ.ಮೀ. ಉದ್ದದ ಕಾಲಮ್‌ನಲ್ಲಿ ದ್ರವದ ಜಾಗ ಸುಮಾರು 0.22 ಮಿಲಿಲೀಟರ್ ಮಾತ್ರ. ಅಲ್ಲಿ 2ರಿಂದ 3 ಮೈಕ್ರೊಲೀಟರ್ ಸಾಕು. ಕಾಲಮ್ ಬದಲಿಸಿದಾಗ ಪ್ರಮಾಣವನ್ನು ಉದ್ದದ ಅನುಪಾತಕ್ಕೂ ಅಗಲದ ವರ್ಗದ ಅನುಪಾತಕ್ಕೂ ತಕ್ಕಂತೆ ಇಳಿಸಬೇಕು. ಈ ಲೆಕ್ಕದಂತೆ ಮೊದಲನೆಯದರ 20 ಮೈಕ್ರೊಲೀಟರ್ ಎರಡನೆಯದರಲ್ಲಿ 2.8 ಮೈಕ್ರೊಲೀಟರ್ ಆಗುತ್ತದೆ.

ಪೀಕ್ ಅಗಲವಾಗುವ ಪರಿಯನ್ನೂ ಲೆಕ್ಕ ಹಾಕಬಹುದು. ಮಾದರಿ ಅಚ್ಚುಕಟ್ಟಾದ ಒಂದು ತುಂಡಾಗಿ ಒಳಹೊಕ್ಕರೆ ಅದು ಸೇರಿಸುವ ಹರಡುವಿಕೆ ಪ್ರಮಾಣದ ವರ್ಗವನ್ನು 12ರಿಂದ ಭಾಗಿಸಿದಷ್ಟು. ದೊಡ್ಡ ಕಾಲಮ್‌ನಲ್ಲಿ 3 ಮಿಲಿಲೀಟರ್ ಹರಿದ ಮೇಲೆ ಹೊರಬರುವ, 10,000 ಪ್ಲೇಟುಗಳ (ಕಾಲಮ್‌ನ ದಕ್ಷತೆಯನ್ನು ಹೇಳುವ ಏಕಮಾನ) ದಕ್ಷತೆಯ ಪೀಕ್‌ಗೆ ಕಾಲಮ್ ಕೊಡುವ ಹರಡುವಿಕೆ 900 ಚದರ ಮೈಕ್ರೊಲೀಟರ್. 20 ಮೈಕ್ರೊಲೀಟರ್ ಬಿಟ್ಟರೆ ಅದಕ್ಕೆ ಸೇರುವುದು 33 ಮಾತ್ರ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. 100 ಮೈಕ್ರೊಲೀಟರ್ ಬಿಟ್ಟರೆ 833 ಸೇರಿ ಪೀಕ್ ಸುಮಾರು ಶೇ. 39ರಷ್ಟು ಅಗಲವಾಗುತ್ತದೆ. ಸಣ್ಣ ಕಾಲಮ್‌ನಲ್ಲಿ 0.45 ಮಿಲಿಲೀಟರಿಗೆ ಹೊರಬರುವ, 20,000 ಪ್ಲೇಟುಗಳ ಪೀಕ್‌ಗೆ ಕಾಲಮ್‌ನ ಪಾಲು 10 ಚದರ ಮೈಕ್ರೊಲೀಟರ್ ಮಾತ್ರ. ಅಲ್ಲಿ ಅದೇ 20 ಮೈಕ್ರೊಲೀಟರ್ ಬಿಟ್ಟರೆ ಪೀಕ್ ಎರಡು ಪಟ್ಟು ಅಗಲ. ದುಬಾರಿ ಕಾಲಮ್ ಕೊಂಡು ಹಳೆಯ ಪ್ರಮಾಣವನ್ನೇ ಬಿಟ್ಟರೆ ಕಾಲಮ್‌ನ ಗುಣ ಇಂಜೆಕ್ಟರಿನಲ್ಲೇ ಕಳೆದುಹೋಗುತ್ತದೆ.

ಹೊರೆ ಎರಡು ಬಗೆಯದು. ದ್ರವದ ಗಾತ್ರ ಹೆಚ್ಚಾದರೆ ಪೀಕ್‌ನ ತಲೆ ಚಪ್ಪಟೆಯಾಗಿ ಅಗಲಿಸುತ್ತದೆ. ವಸ್ತುವಿನ ತೂಕ ಹೆಚ್ಚಾದರೆ ಮುಂಬದಿ ಕಡಿದಾಗಿ, ಹಿಂಬದಿ ಇಳಿಜಾರಾಗಿ, ತುದಿ ಮುಂಚಿನ ಹೊತ್ತಿಗೆ ಜರುಗುತ್ತದೆ. ಎರಡನ್ನೂ ಬೇರ್ಪಡಿಸಲು ಸುಲಭದ ದಾರಿಯಿದೆ: ಮಾದರಿಯನ್ನು ಅದೇ ದ್ರಾವಕದಿಂದ ಹತ್ತು ಪಟ್ಟು ತೆಳು ಮಾಡಿ ಅದೇ ಪ್ರಮಾಣ ಬಿಡುವುದು. ಆಕಾರ ಸರಿಹೋದರೆ ತಪ್ಪು ತೂಕದ್ದು. ಹಾಗೇ ಉಳಿದರೆ ಗಾತ್ರದ್ದು ಅಥವಾ ದ್ರಾವಕದ್ದು.

ಯಾವುದರಲ್ಲಿ ಕರಗಿಸಬೇಕು

ಮಾದರಿಯನ್ನು ಕರಗಿಸಿಟ್ಟ ದ್ರಾವಕಕ್ಕೆ ಪ್ರಯೋಗಾಲಯದ ಮಾತಿನಲ್ಲಿ ಡೈಲ್ಯುಯೆಂಟ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ರಿವರ್ಸ್ಡ್ ಫೇಸ್ ಕಾಲಮ್‌ನಲ್ಲಿ ನೀರು ದುರ್ಬಲ ದ್ರಾವಕ, ಅಸಿಟೊನೈಟ್ರೈಲ್ ಮತ್ತು ಮೆಥನಾಲ್ ಬಲವಾದವು, ಅಂದರೆ ವಸ್ತುವನ್ನು ಬೇಗ ಹೊರತಳ್ಳುವಂಥವು. ನಿಯಮ ಒಂದೇ: ಡೈಲ್ಯುಯೆಂಟ್, ಮೊಬೈಲ್ ಫೇಸ್‌ನ ಆರಂಭದ ಮಿಶ್ರಣಕ್ಕಿಂತ ಬಲವಾಗಿರಬಾರದು. ಶೇ. 95 ನೀರಿನ ಹರಿವಿನೊಳಕ್ಕೆ ಪೂರ್ತಿ ಅಸಿಟೊನೈಟ್ರೈಲಿನಲ್ಲಿ ಕರಗಿದ ಮಾದರಿ ಬಿದ್ದರೆ, ಆ ಅಸಿಟೊನೈಟ್ರೈಲ್ ಕರಗಿ ಚದುರುವವರೆಗೆ ವಸ್ತುವನ್ನು ಕಾಲಮ್‌ನ ತಲೆಯಲ್ಲಿ ನಿಲ್ಲಗೊಡದೆ ಮುಂದಕ್ಕೆ ಒಯ್ಯುತ್ತದೆ. ಬೇಗ ಹೊರಬರುವ ವಸ್ತುಗಳ ಪೀಕ್ ಮುಂದಕ್ಕೆ ಚಾಚಿಕೊಳ್ಳುತ್ತದೆ, ಕೆಲವೊಮ್ಮೆ ಎರಡಾಗಿ ಸೀಳುತ್ತದೆ. ತಡವಾಗಿ ಬರುವ ಪೀಕ್‌ಗಳು ಮಾತ್ರ ಚೆನ್ನಾಗೇ ಇರುತ್ತವೆ. ಮೊದಲ ಪೀಕ್‌ಗಳು ಕೆಟ್ಟು ಕೊನೆಯವು ಸರಿಯಿದ್ದರೆ ಮೊದಲು ಅನುಮಾನಿಸಬೇಕಾದ್ದು ಡೈಲ್ಯುಯೆಂಟನ್ನು. ನೀರಿಗೆ ಒಲಿದ ಕಣಗಳಿರುವ ಹಿಲಿಕ್ ಬಗೆಯ ಕಾಲಮ್‌ನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ನೀರು ಬಲವಾದ ದ್ರಾವಕ.

ಇದೇ ನಿಯಮ ಉಪಕಾರಕ್ಕೂ ಬರುತ್ತದೆ. ಮಾದರಿ ದುರ್ಬಲ ದ್ರಾವಕದಲ್ಲಿದ್ದರೆ, ಕಾಲಮ್‌ಗೆ ಅಂಟುವ ಸ್ವಭಾವದ ವಸ್ತು ಕಾಲಮ್‌ನ ತಲೆಯಲ್ಲೇ ಕಿರಿದಾದ ಪಟ್ಟಿಯಾಗಿ ಕೂಡಿಕೊಂಡು, ಗ್ರೇಡಿಯಂಟ್ ಬಲವಾದಾಗ ಒಟ್ಟಿಗೆ ಹೊರಡುತ್ತದೆ. ಆಗ ಮೇಲಿನ ಶೇ. 1ರ ಅಂದಾಜನ್ನು ಮೀರಿ ದೊಡ್ಡ ಪ್ರಮಾಣ ಬಿಟ್ಟರೂ ಪೀಕ್ ಕೆಡುವುದಿಲ್ಲ. ಬಲವಾದ ದ್ರಾವಕದ ಹೊರತು ಬೇರೆಯದರಲ್ಲಿ ವಸ್ತು ಕರಗದೇ ಇದ್ದಾಗ ಪ್ರಮಾಣ ಇಳಿಸುವುದು, ಇಲ್ಲವೇ ಆಟೋಸ್ಯಾಂಪ್ಲರ್‌ನಲ್ಲಿ ಮಾದರಿಯ ಹಿಂದೆ ಮುಂದೆ ನೀರಿನ ತುಂಡುಗಳನ್ನು ಎಳೆದು ಒಟ್ಟಿಗೆ ಬಿಡುವುದು ದಾರಿ. ಆದರೆ ಡೈಲ್ಯುಯೆಂಟಿನಲ್ಲಿ ಕರಗಿರುವ ವಸ್ತು ಮೊಬೈಲ್ ಫೇಸ್‌ನಲ್ಲಿ ಕರಗದಿದ್ದರೆ ಕಾಲಮ್‌ನ ಬಾಯಲ್ಲೇ ಗಟ್ಟಿಯಾಗಿ ಇಳಿದು ಒತ್ತಡ ಏರುತ್ತದೆ. ಎರಡನ್ನೂ ಒಂದು ಪರೀಕ್ಷಾನಳಿಗೆಯಲ್ಲಿ ಬೆರೆಸಿ ಮಬ್ಬಾಗುತ್ತದೆಯೇ ಎಂದು ನೋಡುವ ಚಿಕ್ಕ ಪರೀಕ್ಷೆಯನ್ನು ಮೊದಲೇ ಮಾಡಬೇಕು.

ಬೆಳೆಯ ಮಾದರಿ: ಕೀಟನಾಶಕ ಉಳಿಕೆ

ಕೀಟನಾಶಕ ಉಳಿಕೆಯ ಪರೀಕ್ಷೆಗೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 2003ರಲ್ಲಿ ಪ್ರಕಟವಾದ ಕ್ವೆಚರ್ಸ್ ವಿಧಾನ. ಅದರ ಮೂಲ ರೂಪದಲ್ಲಿ 10 ಗ್ರಾಂ ಮಾದರಿಗೆ 10 ಮಿಲಿಲೀಟರ್ ಅಸಿಟೊನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಹಾಕಿ ಕುಲುಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ತೊಗರಿ, ಅಕ್ಕಿ, ಒಣಮೆಣಸಿನಕಾಯಿಯಂಥ ಒಣ ಮಾದರಿಯಾದರೆ ಕಡಿಮೆ ತೂಕ ತೆಗೆದುಕೊಂಡು ಮೊದಲು ನೀರಿನಲ್ಲಿ ನೆನೆಸಬೇಕು. ಮೇಲೆ ನಿಂತ ಸಾರವನ್ನು ಪಿಎಸ್ಎ, ಸಿ18 ಎಂಬ ಹೀರುವ ಪುಡಿಗಳಿಂದ ಶುದ್ಧ ಮಾಡುತ್ತಾರೆ. ಮೆಣಸಿನಕಾಯಿಯ ಕೆಂಪು ಬಣ್ಣ ತೆಗೆಯಲು ಗ್ರಾಫೈಟ್ ಇಂಗಾಲ ಬಳಸುವುದುಂಟು. ಆದರೆ ಅದು ಕಾರ್ಬೆಂಡಜಿಮ್‌ನಂಥ ಚಪ್ಪಟೆ ಅಣುಗಳನ್ನೂ ಹೀರಿಕೊಳ್ಳುವುದರಿಂದ ಅಳತೆ ನೋಡಿ ಹಾಕಬೇಕು.

ಹೀಗೆ ಸಿದ್ಧವಾದ ಸಾರ ಪೂರ್ತಿ ಅಸಿಟೊನೈಟ್ರೈಲಿನಲ್ಲಿರುತ್ತದೆ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರನ್ನು ಡಿಟೆಕ್ಟರಾಗಿ ಜೋಡಿಸಿದ ಎಲ್‌ಸಿ-ಎಂಎಸ್/ಎಂಎಸ್ ಯಂತ್ರದ ಗ್ರೇಡಿಯಂಟ್ ಹೆಚ್ಚು ನೀರಿನಿಂದ ಶುರುವಾಗುತ್ತದೆ. ಹತ್ತಿ ಮತ್ತು ಮೆಣಸಿನಕಾಯಿಗೆ ಹೊಡೆಯುವ ಅಸಿಫೇಟ್, ಅದು ಒಡೆದು ಹುಟ್ಟುವ ಮೆಥಮಿಡೋಫಾಸ್, ಮೊನೊಕ್ರೊಟೋಫಾಸ್‌ಗಳು ನೀರಿಗೆ ಒಲಿದ ವಸ್ತುಗಳಾದ್ದರಿಂದ ಮೊದಲೇ ಹೊರಬರುತ್ತವೆ. ಪೀಕ್ ಸೀಳುವುದು ಇವುಗಳದೇ. ಭಾರತದಲ್ಲಿ ಮೊನೊಕ್ರೊಟೋಫಾಸನ್ನು ತರಕಾರಿಗೆ ಬಳಸಬಾರದೆಂಬ ನಿಷೇಧ 2005ರಿಂದ ಇದೆ. ನಿಷೇಧಿತ ವಸ್ತುವಿನ ಪೀಕ್ ಸೀಳಿ ತಪ್ಪಿಹೋದರೆ ಪರೀಕ್ಷೆಯ ಉದ್ದೇಶವೇ ಸೋಲುತ್ತದೆ.

ಪರಿಹಾರ ಸರಳ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಬೇರೆ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಸಾಮಾನ್ಯವಾಗಿ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಮಿತಿ ಇಟ್ಟಿದೆ. ಈ ಮಟ್ಟದಲ್ಲಿ ಮೂಲ ಕ್ವೆಚರ್ಸ್ ಸಾರದ ಒಂದು ಮಿಲಿಲೀಟರಿನಲ್ಲಿ 10 ನ್ಯಾನೊಗ್ರಾಂ ಇರುತ್ತದೆ. ಅದರ 5 ಮೈಕ್ರೊಲೀಟರ್ ಬಿಟ್ಟರೆ ಕಾಲಮ್ ಸೇರುವುದು 50 ಪಿಕೊಗ್ರಾಂ. ಸಾರವನ್ನು ಸಮಪ್ರಮಾಣ ನೀರಿನಿಂದ ತೆಳು ಮಾಡಿ 10 ಮೈಕ್ರೊಲೀಟರ್ ಬಿಟ್ಟರೂ ಸೇರುವುದು ಅದೇ 50 ಪಿಕೊಗ್ರಾಂ. ಆದರೆ ಈಗ ಡೈಲ್ಯುಯೆಂಟ್ ಅರ್ಧ ನೀರು. ಪೀಕ್ ಮೊದಲಿಗಿಂತ ಕಿರಿದಾಗಿ ಎತ್ತರವಾಗುತ್ತದೆ. ನೀರು ಬೆರೆಸಿದಾಗ ಎಣ್ಣೆಯಂಶ ಮಬ್ಬಾಗಿ ಕಾಣಬಹುದಾದ್ದರಿಂದ 0.22 ಮೈಕ್ರೊಮೀಟರ್ ಫಿಲ್ಟರಿನಿಂದ ಸೋಸಬೇಕು. ನೀರಿಗೆ ಒಲಿಯದ ಕೀಟನಾಶಕಗಳು ಫಿಲ್ಟರಿಗೋ ಮಾದರಿ ಇಡುವ ವಯಲ್ ಎಂಬ ಪುಟ್ಟ ಸೀಸೆಯ ಗಾಜಿಗೋ ಅಂಟಿ ಕಡಿಮೆಯಾಗುವುದಿಲ್ಲವೆಂದು ತಿಳಿದ ಪ್ರಮಾಣ ಸೇರಿಸಿ ನೋಡಿಕೊಳ್ಳಬೇಕು.

ಮೆಣಸಿನಕಾಯಿಯ ಬಣ್ಣ, ಖಾರ, ಎಣ್ಣೆ ಕೀಟನಾಶಕದ ಜೊತೆಗೇ ಹೊರಬಂದರೆ ಮಾಸ್ ಸ್ಪೆಕ್ಟ್ರೊಮೀಟರ್‌ನಲ್ಲಿ ಅಯಾನು ಹುಟ್ಟುವುದನ್ನು ತಡೆದು ಸಂಕೇತವನ್ನು ಕುಗ್ಗಿಸುತ್ತವೆ. ಹೆಚ್ಚು ಮಾದರಿ ಬಿಟ್ಟಷ್ಟೂ ಸಂಕೇತ ಹೆಚ್ಚಬೇಕೆಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಯಂತ್ರದ ಸೂಕ್ಷ್ಮತೆ ಅನುಮತಿಸಿದರೆ ಸಾರವನ್ನು ಇನ್ನಷ್ಟು ತೆಳು ಮಾಡಿ ಬಿಡುವುದೇ ಲಾಭ. ಅಳತೆಯ ಮಾನಕಗಳನ್ನು, ಅಂದರೆ ತಿಳಿದ ಪ್ರಮಾಣದ ಹೋಲಿಕೆ ದ್ರಾವಣಗಳನ್ನು, ಕೀಟನಾಶಕವಿಲ್ಲದ ಅದೇ ಬೆಳೆಯ ಸಾರದಲ್ಲಿ ತಯಾರಿಸುವುದು ರೂಢಿ. ಮಾನ್ವಿಯ ಭತ್ತಕ್ಕೆ ಒಪ್ಪುವ ಮಾನಕ ದೇವದುರ್ಗದ ಮೆಣಸಿನಕಾಯಿಗೆ ಒಪ್ಪುವುದಿಲ್ಲ.

ನೀರಿನ ಮಾದರಿ: ಫ್ಲೋರೈಡ್

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೈಟ್ರೇಟ್‌ಗೆ ಮಿತಿ 45 ಮಿಲಿಗ್ರಾಂ. ಫ್ಲೋರೈಡನ್ನು ಎಲೆಕ್ಟ್ರೋಡಿನಿಂದಲೂ ಬಣ್ಣ ಬದಲಾಗುವ ರಾಸಾಯನಿಕದಿಂದಲೂ ಅಳೆಯುತ್ತಾರೆ. ಅಯಾನ್ ಕ್ರೊಮ್ಯಾಟೊಗ್ರಫಿಯ ಅನುಕೂಲವೆಂದರೆ ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್‌ಗಳೆಲ್ಲ ಒಂದೇ ಇಂಜೆಕ್ಷನ್ನಿನಲ್ಲಿ ಸಿಗುತ್ತವೆ.

ಇಲ್ಲಿಯ ತೊಡಕು ಡೈಲ್ಯುಯೆಂಟಿನದೇ ಇನ್ನೊಂದು ಮುಖ. ಮೊಬೈಲ್ ಫೇಸ್ ಕಾರ್ಬೊನೇಟ್ ದ್ರಾವಣ. ಮಾದರಿ ಬರೀ ನೀರು. ಮಾದರಿಯ ನೀರು ಡಿಟೆಕ್ಟರ್ ತಲುಪಿದಾಗ ವಿದ್ಯುದ್ವಾಹಕತೆ ಒಮ್ಮೆಲೇ ತಗ್ಗಿ ಗೆರೆಯಲ್ಲಿ ಕುಳಿ ಬೀಳುತ್ತದೆ. ಎಲ್ಲಕ್ಕಿಂತ ಮೊದಲು ಬರುವ ಫ್ಲೋರೈಡ್ ಪೀಕ್ ಆ ಕುಳಿಯ ಮಗ್ಗುಲಿಗೇ ಬರುವುದರಿಂದ ವಿಸ್ತೀರ್ಣ ತಪ್ಪಾಗಿ ದಾಖಲಾಗುತ್ತದೆ. 1.0 ಮತ್ತು 1.5 ಮಿಲಿಗ್ರಾಂ ನಡುವೆ ನಿಂತ ಕೊಳವೆಬಾವಿಗೆ ಈ ತಪ್ಪು ಸಣ್ಣದಲ್ಲ. ನೂರು ಪಟ್ಟು ಗಾಢವಾಗಿ ತಯಾರಿಸಿದ ಮೊಬೈಲ್ ಫೇಸ್ ದ್ರಾವಣದ 1 ಮಿಲಿಲೀಟರನ್ನು 100 ಮಿಲಿಲೀಟರ್ ಮಾದರಿಗೂ ಮಾನಕಕ್ಕೂ ಒಂದೇ ರೀತಿ ಸೇರಿಸಿದರೆ ಕುಳಿ ಬಹುಮಟ್ಟಿಗೆ ಮಾಯವಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 300.0 ಸಂಖ್ಯೆಯ ವಿಧಾನದಲ್ಲಿ ಈ ಉಪಾಯ ದಾಖಲಾಗಿದೆ.

ಉಪ್ಪು ಹೆಚ್ಚಿರುವ ಕೊಳವೆಬಾವಿ ನೀರಿನಲ್ಲಿ ಕ್ಲೋರೈಡ್ ಮತ್ತು ಸಲ್ಫೇಟ್‌ಗಳ ತೂಕ ಕಾಲಮ್‌ಗೆ ಹೊರೆಯಾಗಿ ಪೀಕ್‌ಗಳ ಹೊತ್ತನ್ನು ಜರುಗಿಸುತ್ತದೆ. ಅಂಥ ಮಾದರಿಯನ್ನು ತೆಳು ಮಾಡಿ ಒಮ್ಮೆ, ಫ್ಲೋರೈಡ್‌ಗಾಗಿ ಹಾಗೆಯೇ ಒಮ್ಮೆ ಬಿಟ್ಟು ಎರಡನ್ನೂ ತಾಳೆ ನೋಡುವುದು ಕ್ಷೇಮ. ಕಾಲುವೆ ನೀರಾದರೆ ಮಣ್ಣಿನ ಕಣ ಸೋಸದೆ ಯಂತ್ರಕ್ಕೆ ಬಿಡಬಾರದು.

ಔಷಧದ ಮಾದರಿ: ಲೇಶದಷ್ಟು ಕಲ್ಮಶ

ಔಷಧದ ಮೂಲವಸ್ತುವಿನ ಪರೀಕ್ಷೆಯಲ್ಲಿ ಎರಡು ಬಗೆಯ ಕೆಲಸಗಳಿವೆ: ಔಷಧ ಎಷ್ಟಿದೆ ಎಂಬುದು ಒಂದು, ಕಲ್ಮಶ ಎಷ್ಟಿದೆ ಎಂಬುದು ಇನ್ನೊಂದು. ಔಷಧ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ ಕ್ಯೂ3ಎ ಮಾರ್ಗಸೂಚಿಯಂತೆ, ದಿನಕ್ಕೆ 2 ಗ್ರಾಂವರೆಗೆ ಸೇವಿಸುವ ಔಷಧದಲ್ಲಿ ಶೇ. 0.05ಕ್ಕಿಂತ ಹೆಚ್ಚಿರುವ ಕಲ್ಮಶವನ್ನು ವರದಿ ಮಾಡಬೇಕು. ಮಿಲಿಲೀಟರಿಗೆ 1 ಮಿಲಿಗ್ರಾಂ ಔಷಧವಿರುವ ದ್ರಾವಣದ 10 ಮೈಕ್ರೊಲೀಟರಿನಲ್ಲಿ ಔಷಧ 10 ಮೈಕ್ರೊಗ್ರಾಂ, ಶೇ. 0.05ರ ಕಲ್ಮಶ 5 ನ್ಯಾನೊಗ್ರಾಂ. ಕಲ್ಮಶ ಕಾಣಲೆಂದು ಪ್ರಮಾಣ ಏರಿಸಿದರೆ ಮುಖ್ಯ ಪೀಕ್ ಹೊರೆಯಾಗಿ ಬಾಲ ಚಾಚಿ, ಪಕ್ಕದ ಕಲ್ಮಶವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಕಲ್ಮಶದ ಪೀಕ್ ಡಿಟೆಕ್ಟರ್ ಗೆರೆಯ ಗದ್ದಲಕ್ಕಿಂತ ಹತ್ತು ಪಟ್ಟು ಎತ್ತರವಿರುವ, ಮುಖ್ಯ ಪೀಕ್‌ನಿಂದ ಬಿಡಿಯಾಗಿರುವ ಪ್ರಮಾಣವನ್ನು ಹುಡುಕಬೇಕು.

ಕ್ಯಾನ್ಸರ್ ಔಷಧಗಳಲ್ಲಿ ಡೈಲ್ಯುಯೆಂಟಿನ ಆಯ್ಕೆ ಇನ್ನೂ ಬಿಗಿ. ಅಜಾಸಿಟಿಡಿನ್ ನೀರಿನಲ್ಲಿ ಕರಗಿದೊಡನೆ ಒಡೆಯತೊಡಗುತ್ತದೆ. ಅದನ್ನು ಡಿಎಂಎಸ್ಒ ಎಂಬ ಸಾವಯವ ದ್ರಾವಕದಲ್ಲಿ ಕರಗಿಸಿದರೆ ಸ್ಥಿರತೆ ಸಿಗುತ್ತದೆ, ಆದರೆ ಡಿಎಂಎಸ್ಒ ಬಲವಾದ, ನೀರಿಗಿಂತ ಎರಡು ಪಟ್ಟು ಮಂದವಾದ ದ್ರಾವಕ. ನೀರಿಗೆ ಒಲಿದು ಬೇಗ ಹೊರಬರುವ ಈ ಔಷಧದ ಪೀಕನ್ನು ಅದು ಕೆಡಿಸಬಲ್ಲದು. ಸಣ್ಣ ಪ್ರಮಾಣ, ಮಾದರಿ ಇಡುವ ತಣ್ಣಗಿನ ಟ್ರೇ, ತಯಾರಿಸಿದೊಡನೆ ಇಂಜೆಕ್ಷನ್ ಎಂಬ ಮೂರೂ ಕೂಡಿದರೆ ಮಾತ್ರ ನಂಬುವಂಥ ಅಂಕಿ ಬರುತ್ತದೆ. ಆಕ್ಸಾಲಿಪ್ಲಾಟಿನ್ ಕ್ಲೋರೈಡ್ ಜೊತೆ ಪ್ರತಿಕ್ರಿಯಿಸುವುದರಿಂದ ಅದರ ಡೈಲ್ಯುಯೆಂಟಿನಲ್ಲಿ ಕ್ಲೋರೈಡ್ ಇರಬಾರದು. ವಯಲ್‌ನಲ್ಲಿ ಕಾದು ಕುಳಿತಾಗ ಹುಟ್ಟಿದ ವಸ್ತುವನ್ನು ತಯಾರಿಕೆಯ ಕಲ್ಮಶವೆಂದು ಬರೆದರೆ ಒಳ್ಳೆಯ ಬ್ಯಾಚ್ ತಿರಸ್ಕೃತವಾಗುತ್ತದೆ.

2018ರಲ್ಲಿ ರಕ್ತದೊತ್ತಡದ ಔಷಧ ವಲ್ಸಾರ್ಟಾನ್‌ನಲ್ಲಿ ಎನ್‌ಡಿಎಂಎ ಎಂಬ ನೈಟ್ರೊಸಮೀನ್ ಪತ್ತೆಯಾದ ಮೇಲೆ ಅಳತೆಯ ಮಟ್ಟ ಇನ್ನೂ ಕೆಳಗಿಳಿಯಿತು. ಎನ್‌ಡಿಎಂಎಗೆ ದಿನಕ್ಕೆ 96 ನ್ಯಾನೊಗ್ರಾಂ ಮಿತಿ. 320 ಮಿಲಿಗ್ರಾಂ ವಲ್ಸಾರ್ಟಾನ್‌ಗೆ ಇದು ಹತ್ತು ಲಕ್ಷದಲ್ಲಿ 0.3 ಭಾಗ. ಎನ್‌ಡಿಎಂಎ ಚಿಕ್ಕ, ಬೇಗ ಹೊರಬರುವ ಅಣು. ಅದನ್ನು ಹಿಡಿಯಲು ಡೈಲ್ಯುಯೆಂಟ್ ಆದಷ್ಟು ನೀರಾಗಿರಬೇಕು; ಹಿಂದೆ ಬರುವ ಔಷಧದ ಭಾರಿ ಪೀಕ್ ಮಾಸ್ ಸ್ಪೆಕ್ಟ್ರೊಮೀಟರ್ ಸೇರದಂತೆ ವಾಲ್ವ್ ತಿರುಗಿಸಿ ಹೊರಗೆ ಬಿಡಬೇಕು.

ಹಿಂದಿನ ಮಾದರಿಯ ಶೇಷ, ವಯಲ್ ಮತ್ತು ಬಿಸಿಲು

ಒಂದು ಮಾದರಿಯ ಶೇಷ ಮುಂದಿನದರಲ್ಲಿ ಕಾಣಿಸಿಕೊಳ್ಳುವುದಕ್ಕೆ ಕ್ಯಾರಿಓವರ್ ಎನ್ನುತ್ತಾರೆ. ಉಳಿಕೆ ಹೆಚ್ಚಿರುವ ಮೆಣಸಿನಕಾಯಿಯ ಬೆನ್ನಿಗೆ ಶುದ್ಧ ಅಕ್ಕಿಯ ಮಾದರಿ ಬಂದರೆ ತಪ್ಪಿಲ್ಲದ ರೈತನ ಅಕ್ಕಿಯಲ್ಲಿ ಕೀಟನಾಶಕ ಕಾಣುತ್ತದೆ. ಅತಿ ಗಾಢ ಮಾನಕದ ನಂತರ ಬರೀ ಡೈಲ್ಯುಯೆಂಟ್ ಬಿಟ್ಟು ಪೀಕ್ ಬರುತ್ತದೆಯೇ ನೋಡುವುದು ಇದರ ಪರೀಕ್ಷೆ. ರಕ್ತದಲ್ಲಿ ಔಷಧ ಅಳೆಯುವ ವಿಧಾನಗಳಿಗೆ ಐಸಿಎಚ್ ಎಂ10 ಮಾರ್ಗಸೂಚಿ, ಆ ಪೀಕ್ ಅಳೆಯಬಹುದಾದ ಕನಿಷ್ಠ ಮಟ್ಟದ ಶೇ. 20 ಮೀರಬಾರದೆಂದು ಹೇಳುತ್ತದೆ. ವಸ್ತುವನ್ನು ಚೆನ್ನಾಗಿ ಕರಗಿಸುವ ದ್ರಾವಕದಿಂದ ಸೂಜಿಯ ಹೊರಮೈ ತೊಳೆಯುವುದು, ವಾಲ್ವ್‌ನ ಸವೆದ ಸೀಲ್ ಬದಲಿಸುವುದು, ಶುದ್ಧ ಮಾದರಿಗಳನ್ನು ಮೊದಲು ಓಡಿಸುವುದು ಪರಿಹಾರಗಳು.

ವಯಲನ್ನು ಕಂಠದವರೆಗೆ ತುಂಬಿ ಬಿಗಿ ಮುಚ್ಚಿದರೆ ಪ್ರತಿ ಸಲ ಎಳೆದಾಗ ಒಳಗೆ ನಿರ್ವಾತ ಉಂಟಾಗಿ ಪ್ರಮಾಣ ಇಳಿಯುತ್ತ ಹೋಗುತ್ತದೆ. ಮಂದವಾದ ದ್ರಾವಣವನ್ನು ವೇಗವಾಗಿ ಎಳೆದರೆ ಗುಳ್ಳೆ ಸೇರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅಸಿಟೊನೈಟ್ರೈಲ್ ಚುಚ್ಚಿದ ಮುಚ್ಚಳದಿಂದ ಆವಿಯಾಗಿ ಮಾದರಿ ಗಾಢವಾಗಬಹುದು. ಇದರಿಂದ ಅಂಕಿ ಏರುತ್ತದೆ. ತಣ್ಣಗಿರುವ ಆಟೋಸ್ಯಾಂಪ್ಲರ್ ಟ್ರೇ ಈ ಊರಿಗೆ ಬರೀ ಅನುಕೂಲವಲ್ಲ, ಅಗತ್ಯ. ತಣ್ಣಗೆ ಮಾಡಿದಾಗ ವಸ್ತು ಹರಳುಗಟ್ಟುವುದಿಲ್ಲವೆಂದೂ ನೋಡಿಕೊಳ್ಳಬೇಕು.

ವಿಧಾನ ರೂಪಿಸುವ ಕ್ರಮ

ಇಂಜೆಕ್ಷನ್ನಿನ ಕೆಲಸ ಡೈಲ್ಯುಯೆಂಟಿನಿಂದ ಶುರುವಾಗಬೇಕು. ವಸ್ತು ಕರಗುವ, ಒಡೆಯದ, ಮೊಬೈಲ್ ಫೇಸ್‌ಗಿಂತ ಬಲವಲ್ಲದ ದ್ರಾವಕವನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಕಾಲಮ್‌ನ ಗಾತ್ರದಿಂದ ಪ್ರಮಾಣದ ಅಂದಾಜು ಹಾಕಿ, ಅದರ ಅರ್ಧದಿಂದ ಐದು ಪಟ್ಟಿನವರೆಗೆ ಏರಿಸುತ್ತ ಬಿಟ್ಟು ನೋಡಬೇಕು. ಪೀಕ್‌ನ ವಿಸ್ತೀರ್ಣ ಪ್ರಮಾಣಕ್ಕೆ ನೇರವಾಗಿ ಏರುತ್ತಿದೆಯೇ, ಪ್ಲೇಟುಗಳ ಸಂಖ್ಯೆ ಎಲ್ಲಿ ಕುಸಿಯತೊಡಗುತ್ತದೆ, ಅತಿ ಹತ್ತಿರದ ಎರಡು ಪೀಕ್‌ಗಳ ಬಿಡಿಯಾಗುವಿಕೆ ಎಲ್ಲಿ ಕೆಡುತ್ತದೆ ಎಂದು ಗುರುತಿಸಿ, ಆ ಅಂಚಿಗಿಂತ ಸಾಕಷ್ಟು ಕೆಳಗಿನ ಪ್ರಮಾಣವನ್ನು ಆರಿಸಬೇಕು. ಈ ಪರೀಕ್ಷೆಯನ್ನು ಶುದ್ಧ ಮಾನಕದಲ್ಲಿ ಮಾತ್ರ ಮುಗಿಸದೆ ಬೆಳೆ, ನೀರು ಅಥವಾ ಔಷಧದ ನಿಜವಾದ ಮಾದರಿಯಲ್ಲೂ ಮಾಡಬೇಕು. ಎಳೆಯುವ ವೇಗ, ಸೂಜಿಯ ಆಳ, ತೊಳೆಯುವ ದ್ರಾವಕ, ಟ್ರೇಯ ಉಷ್ಣಾಂಶಗಳು ಕೊನೆಯ ಹಂತ.

ದೃಢೀಕರಣ ಮತ್ತು ದಾಖಲೆ

ಅಮೆರಿಕದ ಫಾರ್ಮಕೋಪಿಯಾದ 621ನೇ ಅಧ್ಯಾಯ ಇಂಜೆಕ್ಷನ್ನಿನ ಪುನರಾವರ್ತನೆಯನ್ನು ವ್ಯವಸ್ಥೆಯ ಅರ್ಹತೆಯ ಅಳತೆಗೋಲಾಗಿ ಇಟ್ಟಿದೆ. ಒಪ್ಪಬಹುದಾದ ವ್ಯತ್ಯಾಸ ಶೇ. 2.0 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮಾನಕದ ಐದು ಇಂಜೆಕ್ಷನ್, ಅದಕ್ಕಿಂತ ಹೆಚ್ಚಿದ್ದರೆ ಆರು. ಉಳಿಕೆ ಪರೀಕ್ಷೆಗೆ ಐರೋಪ್ಯ ಒಕ್ಕೂಟದ ಸಾಂಟೆ ಮಾರ್ಗಸೂಚಿ, ಸೇರಿಸಿದ ಕೀಟನಾಶಕದ ಶೇ. 70ರಿಂದ 120ರಷ್ಟು ಮರುಪ್ರಾಪ್ತಿ, ಶೇ. 20 ಮೀರದ ವ್ಯತ್ಯಾಸ ಕೇಳುತ್ತದೆ. 2023ರ ನವೆಂಬರಿನಲ್ಲಿ ಅಂಗೀಕಾರವಾದ ಐಸಿಎಚ್ ಕ್ಯೂ14 ಮಾರ್ಗಸೂಚಿ, ವಿಧಾನದ ಯಾವ ಅಂಶ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ವಿಧಾನ ರೂಪಿಸುವ ಹಂತದಲ್ಲೇ ಅರಿತು ದಾಖಲಿಸಬೇಕೆನ್ನುತ್ತದೆ. ಡೈಲ್ಯುಯೆಂಟ್ ಮತ್ತು ಇಂಜೆಕ್ಷನ್ ಪ್ರಮಾಣ ಅಂಥ ಅಂಶಗಳ ಪಟ್ಟಿಯ ಮೊದಲ ಸಾಲಿನಲ್ಲಿರಬೇಕಾದವು.

ರೈತನ ಫಸಲಿಗೆ ಸಿಗುವ ಬೆಲೆ, ಹಳ್ಳಿಯ ಕೊಳವೆಬಾವಿಯನ್ನು ಬಳಸಬೇಕೋ ಮುಚ್ಚಬೇಕೋ ಎಂಬ ತೀರ್ಮಾನ, ರೋಗಿಯ ಔಷಧದ ಶುದ್ಧತೆ ಮೂರೂ ಈ ಅಂಕಿಗಳನ್ನೇ ನೆಚ್ಚಿವೆ. ಕಾಲಮ್ ಮತ್ತು ಡಿಟೆಕ್ಟರ್ ಎಷ್ಟೇ ಉತ್ತಮವಿದ್ದರೂ ಇಂಜೆಕ್ಷನ್ನಿನಲ್ಲಿ ಆದ ತಪ್ಪನ್ನು ಅವು ತಿದ್ದಲಾರವು. ಆದ್ದರಿಂದ ಈ ವಿದ್ಯೆ ಕಲಿಯುತ್ತಿರುವ ವಿದ್ಯಾರ್ಥಿಗಳೂ ಪ್ರಯೋಗಾಲಯಗಳ ವಿಶ್ಲೇಷಕರೂ ಪ್ರತಿ ವಿಧಾನದಲ್ಲಿ ಡೈಲ್ಯುಯೆಂಟ್ ಯಾವುದು, ಪ್ರಮಾಣ ಎಷ್ಟು, ಅದನ್ನೇ ಏಕೆ ಆರಿಸಿದೆವು ಎಂಬ ಮೂರು ಸಾಲುಗಳನ್ನು ತಪ್ಪದೆ ಬರೆದಿಡಬೇಕು.